ಕಾರವಾರದಿಂದ ಭಟ್ಕಳದವರೆಗಿನ ಬಂದರೂರುಗಳು: ಐದು ದಿನಗಳಲ್ಲಿ ಯಾವುದನ್ನು ನೋಡಬೇಕು, ಯಾವುದನ್ನು ಬಿಡಬೇಕು?

ಹಾಸನದ ಮೇಷ್ಟ್ರು (ನವೆಂಬರ್ 9)

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಯ ವಾರದಲ್ಲಿ ಐದು ದಿನ ರಜೆ ಹಾಕಿ ಉತ್ತರ ಕನ್ನಡದ ಕರಾವಳಿಗೆ ಕುಟುಂಬದೊಡನೆ ಬರಬೇಕೆಂದಿದ್ದೇನೆ. ನಾನು, ನನ್ನ ಪತ್ನಿ, ಹನ್ನೊಂದು ಮತ್ತು ಹದಿನಾಲ್ಕು ವರ್ಷದ ಇಬ್ಬರು ಮಕ್ಕಳು ಮತ್ತು ಅರವತ್ತೆಂಟು ವರ್ಷದ ನನ್ನ ತಾಯಿ, ಒಟ್ಟು ಐದು ಜನ. ಬದುಕಿಡೀ ರಾಗಿ, ಭತ್ತ, ಹುರುಳಿ ಬೆಳೆದ ನನ್ನ ತಾಯಿ ಇದುವರೆಗೆ ಕಡಲನ್ನು ಕಂಡಿಲ್ಲ. ಮೀನನ್ನು ಬಲ್ಲರು, ಆದರೆ ಅದು ನಮ್ಮೂರ ಕೆರೆಯ ಮೀನು.

ವಿದ್ಯಾರ್ಥಿಯಾಗಿದ್ದಾಗ ಒಮ್ಮೆ ಗೋಕರ್ಣಕ್ಕೆ ಬಂದಿದ್ದೆ. ಆಗ ಓಂ ಬೀಚಿನಲ್ಲಿ ಒಂದು ಹಗಲು ಕಳೆದು ಮರಳಿದ್ದನ್ನು ಬಿಟ್ಟರೆ ಈ ಕರಾವಳಿಯ ಬಗ್ಗೆ ನನಗೆ ಏನೂ ತಿಳಿಯದು. ಈ ಬಾರಿ ಸ್ನಾನಕ್ಕೂ ಛಾಯಾಚಿತ್ರಕ್ಕೂ ಮಾತ್ರ ಕಡಲತೀರಕ್ಕೆ ಹೋಗಿ ಬರುವ ಪ್ರವಾಸ ಬೇಡವೆಂದು ನಿರ್ಧರಿಸಿದ್ದೇವೆ. ಗುಡ್ಡ ಸಮುದ್ರಕ್ಕೆ ಇಳಿಯುವ ಜಾಗ, ನದಿ ಕಡಲಿಗೆ ಸೇರುವ ಜಾಗ, ಮೀನುಗಾರರು ಬದುಕುವ ಊರು, ಇವನ್ನು ಮಕ್ಕಳು ನೋಡಬೇಕು. ಉಳಿದುಕೊಳ್ಳಲು ಯಾವ ಊರು ಅನುಕೂಲ, ಬಂದರಿಗೆ ಯಾವ ಹೊತ್ತಿನಲ್ಲಿ ಹೋಗಬಹುದು, ನಮ್ಮಂಥವರು ಅಲ್ಲಿಗೆ ಹೋಗುವುದು ಸರಿಯೇ, ತಾಯಿಯವರು ಏರಿಳಿಯದೆ ನೋಡಬಹುದಾದ ಸ್ಥಳಗಳು ಯಾವುವು, ಇವಿಷ್ಟನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ. ಸ್ವಂತ ವಾಹನವಿಲ್ಲ.

ಅಘನಾಶಿನಿ ದಂಡೆ (ನವೆಂಬರ್ 9)

ಮೇಷ್ಟ್ರೇ, ನಾನು ಮೀನುಗಾರ ಹರಿಕಂತ್ರ ಮನೆತನದವಳು. ತಂದೆ ತದಡಿ ಬಂದರಿನಲ್ಲಿ ಬೋಟು ನಡೆಸುವ ತಾಂಡೇಲರಾಗಿದ್ದರು. ನಾನೀಗ ಕುಮಟೆಯಲ್ಲಿ ಕಚೇರಿ ಕೆಲಸದಲ್ಲಿದ್ದರೂ ವಾರಕ್ಕೊಮ್ಮೆ ಊರಿಗೆ ಹೋಗಿ ಬರುತ್ತೇನೆ. ತಾವು ಕೇಳಿರುವ ಬಗೆಯ ಪ್ರವಾಸಕ್ಕೆ ಗೋಕರ್ಣಕ್ಕಿಂತ ಕುಮಟೆಯಲ್ಲಿ ಉಳಿಯುವುದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಡಿಸೆಂಬರ್ ಕೊನೆಯಲ್ಲಿ ಗೋಕರ್ಣ ತುಂಬಿ ತುಳುಕುತ್ತದೆ, ಕೋಣೆಗಳ ಬಾಡಿಗೆಯೂ ಏರುತ್ತದೆ. ಕುಮಟೆ ಸಾಧಾರಣ ತಾಲ್ಲೂಕು ಕೇಂದ್ರ, ಬಸ್ಸು ರೈಲು ಎರಡೂ ಇವೆ. ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ತಮ್ಮ ಹಾಸನದ ಮೇಲೆಯೇ ಬರುತ್ತದೆ. ರಾತ್ರಿ ಅಲ್ಲಿ ಹತ್ತಿ ಮಲಗಿದರೆ ಬೆಳಗಿನ ಹೊತ್ತಿಗೆ ಕುಮಟೆಯಲ್ಲಿ ಇಳಿಯಬಹುದು. ಹೊನ್ನಾವರ ಬರುವ ಮುಂಚೆ ತಾಯಿಯವರನ್ನು ಎಬ್ಬಿಸಿ ಕಿಟಕಿಯ ಬಳಿ ಕೂರಿಸಿ. ಶರಾವತಿಯ ಮೇಲಿನ ರೈಲು ಸೇತುವೆ ಎರಡು ಕಿಲೋಮೀಟರಿಗೂ ಉದ್ದವಾದದ್ದು, ಕೊಂಕಣ ರೈಲು ಮಾರ್ಗದಲ್ಲಿಯೇ ಅತ್ಯಂತ ಉದ್ದದ್ದು. ಬೆಳಕು ಹರಿದಿದ್ದರೆ ಹೊಳೆಯ ಅಗಲವೂ ನಡುವಿನ ಕುದ್ರುಗಳೆಂಬ ನಡುಗಡ್ಡೆಗಳೂ ದೂರದಲ್ಲಿ ಹೊಳೆ ಕಡಲಿಗೆ ಸೇರುವ ಅಳಿವೆಯೂ ಕಾಣುತ್ತವೆ.

ಈ ಕರಾವಳಿಯನ್ನು ಗಡಿಯಾರ ನೋಡಿಕೊಂಡು ಸುತ್ತಿದರೆ ಅರ್ಧವೂ ಕಾಣುವುದಿಲ್ಲ, ನೀರಿನ ಹೊತ್ತು ನೋಡಿಕೊಂಡು ಸುತ್ತಬೇಕು. ಇಲ್ಲಿನ ಬಂದರುಗಳೆಲ್ಲ ನದಿಯ ಅಳಿವೆಯಲ್ಲಿಯೋ ಅದರ ಆಸುಪಾಸಿನಲ್ಲಿಯೋ ಇವೆ. ಕಾಳಿಗೆ ಕಾರವಾರ, ಅಘನಾಶಿನಿಗೆ ತದಡಿ, ಶರಾವತಿಗೆ ಹೊನ್ನಾವರ ಮತ್ತು ಕಾಸರಕೋಡು. ಅಳಿವೆಯಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಬೋಟು ಒಳಬರುವುದು, ಬಳಚು ಎಂಬ ಚಿಪ್ಪುಜೀವಿಯನ್ನು ಆರಿಸುವುದು, ಗಜನಿ ಎಂಬ ಉಪ್ಪುನೀರಿನ ಗದ್ದೆಗೆ ನೀರು ಬಿಡುವುದು ಎಲ್ಲವೂ ಆ ಏರಿಳಿತಕ್ಕೆ ಹೊಂದಿಕೊಂಡೇ ನಡೆಯುತ್ತವೆ. ಹುಣ್ಣಿಮೆ ಅಮಾವಾಸ್ಯೆಗಳ ಹತ್ತಿರ ಏರಿಳಿತದ ಅಂತರ ಹೆಚ್ಚು. ಆ ದಿನಗಳಲ್ಲಿ ನೀರು ಪೂರ್ತಿ ಇಳಿದಾಗ ಅಘನಾಶಿನಿಯ ಮರಳು ದಿಬ್ಬಗಳು ಮೇಲೆದ್ದು, ಹೆಂಗಸರು ಗಂಡಸರೆಂಬ ಭೇದವಿಲ್ಲದೆ ನೂರಾರು ಜನ ಸೊಂಟದವರೆಗಿನ ನೀರಿನಲ್ಲಿ ನಿಂತು ಬಳಚನ್ನು ಬಗೆದು ಬುಟ್ಟಿ ತುಂಬಿಸುವುದನ್ನು ಕಾಣಬಹುದು. ಹಾಗಾಗಿ ಮೊದಲು ಪಂಚಾಂಗ ನೋಡಿ, ನಂತರ ಟಿಕೆಟ್ ಮಾಡಿಸಿ.

ತದಡಿಗೆ ಒಂದು ಪೂರ್ತಿ ದಿನ ಕೊಡಿ. ರಾತ್ರಿ ಬಲೆ ಬಿಟ್ಟ ದೋಣಿಗಳು ಬೆಳಗ್ಗೆ ಮರಳುತ್ತವೆ, ನಸುಕಿನಲ್ಲಿ ಹೊರಟ ದಿನದ ಬೋಟುಗಳು ಸಂಜೆ ಬರುತ್ತವೆ, ವಾರಗಟ್ಟಲೆ ಆಳ ಸಮುದ್ರದಲ್ಲಿ ಉಳಿಯುವ ದೊಡ್ಡ ಬೋಟುಗಳಿಗೆ ಹೊತ್ತಿನ ಗೊತ್ತಿಲ್ಲ. ಬೆಳಗಿನ ಕೆಲಸ ಮುಗಿದ ಮೇಲೆ ತದಡಿಯಿಂದ ಎದುರು ದಡದ ಅಘನಾಶಿನಿ ಊರಿಗೆ ಹಾಯುವ ದೋಣಿ ಹತ್ತಿ. ಹೊಳೆ ದಾಟಲು ಹೆಚ್ಚು ಸಮಯ ಹಿಡಿಯುವುದಿಲ್ಲ, ಆದರೆ ಆ ಸ್ವಲ್ಪ ಹೊತ್ತಿನಲ್ಲಿ ಒಂದು ಕಡೆ ಅಳಿವೆಯಾಚೆಯ ತೆರೆದ ಕಡಲು, ಇನ್ನೊಂದು ಕಡೆ ಸಹ್ಯಾದ್ರಿಯ ಸಾಲು, ನಡುವೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಹಸಿರು, ಮೂರೂ ಒಟ್ಟಿಗೆ ಕಾಣುತ್ತವೆ. ಈ ನದಿಗೆ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲ. ಘಟ್ಟದ ಮಣ್ಣು, ಎಲೆ, ಸಿಹಿನೀರು ಎಲ್ಲವೂ ತಡೆಯಿಲ್ಲದೆ ಅಳಿವೆಗೆ ಬರುವುದರಿಂದಲೇ ಇಲ್ಲಿ ಮೀನು, ಸಿಗಡಿ, ಏಡಿ, ಬಳಚು ಇಷ್ಟೊಂದು ಇವೆಯೆಂದು ನಮ್ಮ ಹಿರಿಯರು ಹೇಳುತ್ತಿದ್ದರು. 2024ರ ಜನವರಿಯಲ್ಲಿ ಈ ಅಳಿವೆ ಪ್ರದೇಶ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಇಲ್ಲಿ ದೊಡ್ಡ ಬಂದರೂ ವಿದ್ಯುತ್ ಸ್ಥಾವರವೂ ಬರಲಿವೆ ಎಂಬ ಸುದ್ದಿಗಳ ನಡುವೆ ಬೆಳೆದ ನನಗೆ ಆ ದಿನ ಎಷ್ಟು ನೆಮ್ಮದಿಯಾಯಿತೆಂದು ಬರೆದು ತಿಳಿಸಲಾರೆ.

ತಾಯಿಯವರು ಕೃಷಿಕರಾದ್ದರಿಂದ ಅವರಿಗೆ ಮಾಣಿಕಟ್ಟೆಯ ಕಡೆಯ ಗಜನಿ ಗದ್ದೆಗಳನ್ನು ತೋರಿಸಲೇಬೇಕು. ಉಪ್ಪುನೀರನ್ನು ಸಹಿಸುವ ಕಗ್ಗ ಎಂಬ ಭತ್ತವನ್ನು ಅಲ್ಲಿ ಮಳೆಗಾಲದಲ್ಲಿ ಬೆಳೆಯುತ್ತಾರೆ. ಗೊಬ್ಬರವಿಲ್ಲ, ಔಷಧವಿಲ್ಲ. ತೆನೆಯನ್ನು ಮಾತ್ರ ಕೊಯ್ದು ಹುಲ್ಲನ್ನು ನೀರಿನಲ್ಲಿಯೇ ಬಿಡುತ್ತಾರೆ, ಅದು ಮುಂದೆ ಸಿಗಡಿಗೂ ಮೀನಿಗೂ ಮೇವಾಗುತ್ತದೆ. ಡಿಸೆಂಬರಿನಲ್ಲಿ ಬೆಳೆ ಇರುವುದಿಲ್ಲ, ಆದರೆ ಒಡ್ಡು, ತೂಬು, ನೀರು ತುಂಬಿದ ಗದ್ದೆ, ಅದರಲ್ಲಿ ನಿಂತ ಕೊಕ್ಕರೆಗಳು ಇರುತ್ತವೆ. ಒಡ್ಡಿನ ಮೇಲೆ ನಡೆಯಲು ಕಷ್ಟವಿಲ್ಲ.

ಕಾರವಾರದ ನಿವೃತ್ತ ಉಪನ್ಯಾಸಕ (ನವೆಂಬರ್ 10)

ಮೇಲಿನ ಸಹೋದರಿ ಕುಮಟೆಯ ಪರವಾಗಿ ಹೇಳಿದ್ದೆಲ್ಲ ನಿಜ. ಆದರೂ ಐದು ದಿನಗಳಲ್ಲಿ ಕಡೆಯ ಎರಡನ್ನು ಕಾರವಾರಕ್ಕೆ ಮೀಸಲಿಡಿ ಎಂದು ವಿನಂತಿಸುತ್ತೇನೆ, ಏಕೆಂದರೆ ಗುಡ್ಡ ಕಡಲಿಗೆ ಇಳಿಯುವುದನ್ನು ನೋಡಬೇಕೆಂಬ ತಮ್ಮ ಆಸೆ ಪೂರ್ತಿಯಾಗಿ ಈಡೇರುವುದು ಇಲ್ಲಿಯೇ. ಉಡುಪಿ, ಮಂಗಳೂರುಗಳಲ್ಲಿ ಘಟ್ಟಕ್ಕೂ ಕಡಲಿಗೂ ನಡುವೆ ಅಗಲವಾದ ಬಯಲಿದೆ. ಉತ್ತರಕ್ಕೆ ಬಂದಂತೆ ಆ ಬಯಲು ಕಿರಿದಾಗುತ್ತ ಬಂದು, ಅಂಕೋಲೆಯಿಂದ ಕಾರವಾರದವರೆಗೆ ಸಹ್ಯಾದ್ರಿಯ ಕವಲುಗಳು ನೇರವಾಗಿ ನೀರಿಗೆ ಕಾಲು ಚಾಚುತ್ತವೆ. ಆ ಕಾಲುಗಳ ತುದಿಯೇ ನಾವು ಕಾಣುವ ಬಂಡೆಯ ಮೂತಿಗಳು, ಮುಂದಕ್ಕೆ ಮುಳುಗಿ ಮತ್ತೆ ತಲೆ ಎತ್ತಿದ ತುಣುಕುಗಳೇ ಕೂರ್ಮಗಡ, ದೇವಗಡ ಮೊದಲಾದ ದ್ವೀಪಗಳು. ಎರಡು ಮೂತಿಗಳ ನಡುವೆ ನದಿ ತಂದ ಮರಳು ಕೂಡಿ ಚಂದ್ರಾಕಾರದ ಬೇಲೆಗಳು, ಅಂದರೆ ಮರಳುತೀರಗಳು ಆಗಿವೆ. ಮಕ್ಕಳಿಗೆ ಇದನ್ನು ತರಗತಿಯಲ್ಲಿ ವಿವರಿಸುವುದಕ್ಕಿಂತ ಕಾಳಿಯ ಉತ್ತರ ದಡದ ಸದಾಶಿವಗಡದ ಗುಡ್ಡದ ಮೇಲೆ ನಿಲ್ಲಿಸಿ ತೋರಿಸುವುದು ಸುಲಭ. ಅಲ್ಲಿಂದ ನದಿ, ಸಂಗಮ, ಪಟ್ಟಣ, ದ್ವೀಪ ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ. ನದಿಯಲ್ಲಿ 2024ರ ಆಗಸ್ಟ್ 7ರ ನಸುಕಿಗೆ ಮುಂಚೆ ಹಳೆಯ ಸೇತುವೆ ಕುಸಿದು ಬಿದ್ದಿತು. ಆ ಸೇತುವೆಯ ಮೇಲೆ ಎಷ್ಟೋ ಸಂಜೆ ನಡೆದವನು ನಾನು.

1883ರಲ್ಲಿ ಇಪ್ಪತ್ತೆರಡರ ಹರೆಯದ ರವೀಂದ್ರನಾಥ ಟ್ಯಾಗೋರರು, ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದು ಉಳಿದಿದ್ದರು. ಒಂದು ಬೆಳದಿಂಗಳ ರಾತ್ರಿ ದೋಣಿಯಲ್ಲಿ ಕಾಳಿ ನದಿಯ ಮೇಲ್ಮುಖವಾಗಿ ಹೋಗಿ, ಗುಡ್ಡದ ಕೋಟೆಯ ಬಳಿ ಇಳಿದು, ಮರಳುವಾಗ ನೀರಿನ ಇಳಿತದೊಡನೆ ತೇಲಿಕೊಂಡು ಅಳಿವೆಗೆ ಬಂದು, ಅಲ್ಲಿಂದ ಮರಳಿನ ಮೇಲೆ ನಡೆದು ಮನೆ ಸೇರಿದ್ದನ್ನು ಅವರು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ನೀರಿನ ಹೊತ್ತು ನೋಡಿ ಎಂಬ ಸಹೋದರಿಯ ಮಾತು ಓದಿದಾಗ ನನಗೆ ನೆನಪಾದದ್ದು ಇದೇ. ಇಂದು ಪಟ್ಟಣದ ಕಡಲತೀರಕ್ಕೆ ಅವರ ಹೆಸರಿದೆ. ಅಲ್ಲಿಯೇ ನೌಕಾಪಡೆಯಿಂದ ನಿವೃತ್ತವಾದ ಚಪಲ್ ಎಂಬ ಯುದ್ಧನೌಕೆಯನ್ನು ವಸ್ತುಸಂಗ್ರಹಾಲಯವಾಗಿ ನಿಲ್ಲಿಸಿದ್ದಾರೆ. ಮಕ್ಕಳಿಗೆ ಇಷ್ಟವಾಗುತ್ತದೆ.

ಕಾರವಾರದ ದಕ್ಷಿಣಕ್ಕೆ ಹೆದ್ದಾರಿಯಲ್ಲಿ ಸಾಗುವಾಗ ಬಲಗಡೆ ಉದ್ದಕ್ಕೂ ಗೋಡೆ ಕಾಣುತ್ತದೆ. ಅದು ಸೀಬರ್ಡ್ ನೌಕಾನೆಲೆ. 1986ರಲ್ಲಿ ಶಂಕುಸ್ಥಾಪನೆಯಾಗಿ 2005ರಲ್ಲಿ ಕಾರ್ಯಾರಂಭ ಮಾಡಿದ ಈ ನೆಲೆಗಾಗಿ ಬಿಣಗಾ, ಅರಗಾ ಮೊದಲಾದ ಕಡೆಯ ಮೀನುಗಾರ ಮತ್ತು ಕೃಷಿಕ ಕುಟುಂಬಗಳು ಮನೆಮಾರು ಬಿಟ್ಟುಕೊಟ್ಟವು. ನನ್ನ ಎಷ್ಟೋ ವಿದ್ಯಾರ್ಥಿಗಳು ಆ ಮನೆಗಳಿಂದ ಬಂದವರು. ಆಟವಾಡಿದ ಬೇಲೆಯನ್ನು ಬೇಲಿಯಾಚೆಯಿಂದಲೂ ನೋಡಲಾಗದ ಅವರ ನೋವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ದೇಶದ ರಕ್ಷಣೆಗೆ ನೆಲೆ ಬೇಕಿತ್ತು ಎಂಬುದನ್ನು ಅವರಾರೂ ಅಲ್ಲಗಳೆಯುವುದಿಲ್ಲ. ಆದರೆ ಕರಾವಳಿಯ ಅಂದವನ್ನು ನೋಡಲು ಬರುವವರು ಆ ಗೋಡೆಯ ಪಕ್ಕದಲ್ಲಿ ಹಾದುಹೋಗುವಾಗ ಅದರೊಳಗೆ ಊರುಗಳಿದ್ದವೆಂದು ಮಕ್ಕಳಿಗೆ ಹೇಳಬೇಕೆಂಬುದು ನನ್ನ ಕೋರಿಕೆ.

ಮೀನಿನ ಬಂದರು ನೋಡುವುದಾದರೆ ಪಟ್ಟಣಕ್ಕೆ ಹೊಂದಿಕೊಂಡ ಬೈತಖೋಲ್ ಇದೆ.

ಬೆಂಗಳೂರಿನ ಚಾರಣಿಗ (ನವೆಂಬರ್ 11)

ಹಿರಿಯರಿಬ್ಬರ ಮಾತಿಗೆ ಗೌರವವಿಟ್ಟೇ ಒಂದು ಭಿನ್ನಾಭಿಪ್ರಾಯವನ್ನು ಮುಂದಿಡುತ್ತೇನೆ. ಕಳೆದ ಎಂಟು ವರ್ಷಗಳಲ್ಲಿ ಕುಮಟೆಯಿಂದ ಗೋಕರ್ಣದವರೆಗೆ ಕಡಲಂಚಿನಲ್ಲಿ ಐದು ಸಲ ನಡೆದಿದ್ದೇನೆ. ಮೊದಲ ಸಲ ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ಬಂದರಿನಲ್ಲಿ ನಿಂತಿದ್ದಾಗ, ರಾತ್ರಿಯಿಡೀ ಬಲೆ ಎಳೆದು ಕಣ್ಣು ಕೆಂಪಾದ ಕಲಾಸಿಯೊಬ್ಬರು ಬುಟ್ಟಿ ಹೊತ್ತು ಬರುವ ದಾರಿಗೆ ಅಡ್ಡವಾಗಿಬಿಟ್ಟೆ. ಅವರು ಬೈಯಲಿಲ್ಲ, ಬುಟ್ಟಿಯನ್ನು ಹೊತ್ತುಕೊಂಡೇ ನಾನು ಸರಿಯುವವರೆಗೆ ಕಾದರು. ಅಂದಿನಿಂದ ನಾನು ಬಂದರಿಗೆ ಹೋಗುವುದನ್ನು ಬಿಟ್ಟಿದ್ದೇನೆ. ಅದು ಅವರ ಕೆಲಸದ ಜಾಗ. ನಾವು ಯಾರದೋ ಕಾರ್ಖಾನೆಯೊಳಗೆ ಹೀಗೆ ಹೋಗಿ ನಿಲ್ಲುತ್ತೇವೆಯೇ? ಬಂದರು ಪ್ರವಾಸಿಗಳ ಪಟ್ಟಿಗೆ ಸೇರಿದರೆ ನಾಳೆ ಅಲ್ಲಿಯೂ ಪಾರ್ಕಿಂಗ್ ಶುಲ್ಕ, ಹೋಟೆಲು, ಸೆಲ್ಫಿ ಕಟ್ಟೆ ಬರುತ್ತವೆಯೆಂಬ ಭಯ ನನಗಿದೆ.

ಆದ್ದರಿಂದ ಮಕ್ಕಳೊಡನೆ ಕುಡ್ಲೆಯಿಂದ ಓಂ ಬೀಚಿಗೆ ಗುಡ್ಡದ ಮೇಲಿನ ದಾರಿಯಲ್ಲಿ ನಡೆಯಿರಿ ಎಂಬುದು ನನ್ನ ಸಲಹೆ. ಚಿರೆಕಲ್ಲಿನ ಬೋಳು ನೆತ್ತಿ, ಕೆಳಗೆ ಕಪ್ಪು ಬಂಡೆಗೆ ಒಡೆಯುವ ತೆರೆ, ಎರಡು ಅರ್ಧಚಂದ್ರಗಳು ಕೂಡಿ ಓಂಕಾರದಂತೆ ಕಾಣುವ ತೀರ, ಇವನ್ನು ಮೇಲಿನಿಂದ ನೋಡಿದರೇ ಆ ಹೆಸರು ಏಕೆ ಬಂತೆಂದು ತಿಳಿಯುತ್ತದೆ. ಓಂ ಬೀಚಿನವರೆಗೆ ರಸ್ತೆಯಿರುವುದರಿಂದ ತಾಯಿಯವರು ಆಟೋದಲ್ಲಿ ಬಂದು ಸೇರಿಕೊಳ್ಳಬಹುದು. ಅಲ್ಲಿಂದ ಮುಂದೆ ಹಾಫ್ ಮೂನ್ ಮತ್ತು ಪ್ಯಾರಡೈಸ್ ಬೀಚುಗಳಿಗೆ ರಸ್ತೆಯಿಲ್ಲ. ಕಾಲುದಾರಿಯಲ್ಲಿ ಜಾರುವ ಸಡಿಲ ಕಲ್ಲುಗಳಿವೆ, ಕತ್ತಲಾದ ಮೇಲೆ ಹೋಗಬೇಡಿ. ಬಂಡೆಗಳಿಗೆ ಅಂಟಿದ ಚಿಪ್ಪುಗಳು ಬರಿಗಾಲನ್ನು ಕೊಯ್ಯುತ್ತವೆ, ಮಕ್ಕಳ ಕಾಲಿಗೆ ಪಟ್ಟಿಯಿರುವ ಚಪ್ಪಲಿ ಇರಲಿ.

ಅಘನಾಶಿನಿ ದಂಡೆ (ನವೆಂಬರ್ 11)

ಚಾರಣಿಗರೇ, ತಮ್ಮ ಸಂಕೋಚ ನನಗೆ ಅರ್ಥವಾಗುತ್ತದೆ, ಆ ಸಂಕೋಚ ಎಲ್ಲರಿಗೂ ಇದ್ದರೆ ನಮಗೆ ತೊಂದರೆಯೇ ಇರುತ್ತಿರಲಿಲ್ಲ. ಆದರೂ ತಾವು ಬಂದರನ್ನು ಬಿಟ್ಟು ಬೇಲೆಗೆ ಮಾತ್ರ ಹೋಗುವುದರಿಂದ ನಮ್ಮ ಜನಕ್ಕೆ ಉಪಕಾರವಾಗುತ್ತದೆ ಎಂಬುದನ್ನು ನಾನು ಒಪ್ಪಲಾರೆ. ಬೇಲೆಯೂ ನಮ್ಮ ಕೆಲಸದ ಜಾಗವೇ ಆಗಿತ್ತು. ರಂಪಣಿ ಬಲೆಯನ್ನು ತಾವು ನೋಡಿಲ್ಲವಾದರೆ ಹೇಳುತ್ತೇನೆ: ದೋಣಿಯೊಂದು ಬಲೆಯನ್ನು ಕಡಲಿನಲ್ಲಿ ಅರ್ಧವರ್ತುಲವಾಗಿ ಬಿಡುತ್ತ ಹೋಗಿ ಮತ್ತೆ ದಡಕ್ಕೆ ಬರುತ್ತದೆ, ಅದರ ಎರಡು ತುದಿಗಳನ್ನು ಊರಿನ ಜನರೆಲ್ಲ ಸೇರಿ ಮರಳಿನ ಮೇಲೆ ನಿಂತು ಎಳೆಯುತ್ತಾರೆ. ಬಂದ ಬಂಗಡೆ, ತಾರ್ಲೆ ಮೀನಿನಲ್ಲಿ ಎಳೆದವರಿಗೆಲ್ಲ ಪಾಲು. 1970ರ ದಶಕದ ಕೊನೆಯಲ್ಲಿ ದೊಡ್ಡ ಸುತ್ತುಬಲೆ ಬೀಸುವ ಪರ್ಸೀನ್ ಬೋಟುಗಳು ಬಂದ ಮೇಲೆ ಮೀನು ದಡಕ್ಕೆ ಬರುವ ಮುಂಚೆಯೇ ಹಿಡಿದುಹೋಗಿ ದೊಡ್ಡ ರಂಪಣಿಗಳು ನಿಂತವು. ಉಳಿದಿರುವ ಕೈರಂಪಣಿಗಳಿಗೂ ತೆರೆದ ಮರಳು ಬೇಕು, ಬಲೆ ಒಣಗಿಸಲು ಜಾಗ ಬೇಕು, ಒಣಮೀನು ಹರಡಲು ಬಿಸಿಲಿನ ನೆಲ ಬೇಕು. ಆ ಮರಳಿನ ಮೇಲೆ ಕುರ್ಚಿ, ಛತ್ರಿ, ಗುಡಿಸಲುಗಳು ಬಂದು ಕೂತ ಊರುಗಳಲ್ಲಿ ಅವರು ಎಲ್ಲಿಗೆ ಹೋಗಬೇಕು?

ಬಂದರಿಗೆ ಬನ್ನಿ. ಹರಾಜು ನಡೆಯುವ ಜಾಗದಿಂದ ಹತ್ತು ಹೆಜ್ಜೆ ದೂರ, ಬುಟ್ಟಿ ಹೊತ್ತವರ ದಾರಿ ಬಿಟ್ಟು ನಿಲ್ಲಿ. ಚಿತ್ರ ತೆಗೆಯುವ ಮುಂಚೆ ಕೇಳಿ. ಮೂಗು ಮುಚ್ಚಿಕೊಳ್ಳುವ ಮಕ್ಕಳಿದ್ದರೆ ಮನೆಯಲ್ಲಿಯೇ ತಿಳಿಹೇಳಿ ಕರೆತನ್ನಿ, ಆ ಒಂದು ಕೈ ಎತ್ತುವುದು ಮೀನು ಮಾರುವ ನಮ್ಮ ತಾಯಂದಿರ ಮನಸ್ಸಿಗೆ ಎಷ್ಟು ನಾಟುತ್ತದೆಂದು ಹೇಳಲಾರೆ. ಹೋಗುವಾಗ ಯಾರಾದರೊಬ್ಬ ಮಹಿಳೆಯಿಂದ ಮೀನನ್ನೋ ಒಣ ಸಿಗಡಿಯನ್ನೋ ಕೊಳ್ಳಿ. ಮೀನುಗಾರಿಕೆಯ ಬಗ್ಗೆ ಅವರಷ್ಟು ಚೆನ್ನಾಗಿ ಮಾತನಾಡುವವರು ಬೇರೆ ಯಾರೂ ಸಿಗುವುದಿಲ್ಲ.

ಕುಂದಾಪುರದ ಓದುಗ (ನವೆಂಬರ್ 12)

ನಮ್ಮ ಕಡೆಯವರು ಯಾರೂ ಬರೆಯಲಿಲ್ಲವೆಂದು ನಾನು ಬರೆಯುತ್ತಿದ್ದೇನೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಲ್ಲಿ ಸೌಪರ್ಣಿಕೆ, ಇನ್ನೊಂದು ಮಗ್ಗುಲಲ್ಲಿ ಕಡಲು. ಗಂಗೊಳ್ಳಿಯಲ್ಲಿ ಐದು ಹೊಳೆಗಳು ಕೂಡುವ ಅಳಿವೆಯ ದಡದಲ್ಲಿ ಬಂದರು. ಬೈಂದೂರಿನ ಒತ್ತಿನೆಣೆಯ ಗುಡ್ಡದಿಂದ ಸೂರ್ಯಾಸ್ತ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರಿಸ್ ದ್ವೀಪಕ್ಕೆ ಹೋದರೆ ಕಂಬ ಕಡಿದು ಜೋಡಿಸಿದಂತಿರುವ ಬಹುಭುಜದ ಶಿಲೆಗಳಿವೆ. ಭಾರತ ಮತ್ತು ಮಡಗಾಸ್ಕರ್ ಒಂದೇ ಭೂಭಾಗವಾಗಿದ್ದು ಬೇರೆಯಾಗುವ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಉಕ್ಕಿದ ಲಾವಾ ತಣ್ಣಗಾಗಿ ಬಿರಿದು ಹಾಗಾದದ್ದೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಹದಿನಾಲ್ಕು ವರ್ಷದ ಮಗುವಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಡ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಸಲಹೆ, ಈ ಬಾರಿ ನಮ್ಮ ಕಡೆಗೆ ಬರಬೇಡಿ. ಐದು ದಿನಗಳಲ್ಲಿ ಕಾರವಾರವನ್ನೂ ಮಲ್ಪೆಯನ್ನೂ ತುರುಕಿದರೆ ತಾಯಿಯವರು ಕಾಣುವುದು ಹೆದ್ದಾರಿಯನ್ನು ಮಾತ್ರ. ಇನ್ನೊಂದು ಸಣ್ಣ ವಿಷಯ: ಉತ್ತರ ಕನ್ನಡದವರು ತಾರ್ಲೆ ಎನ್ನುವ ಮೀನನ್ನು ತುಳು ಮಾತನಾಡುವ ಕಡೆ ಬೂತಾಯಿ ಎನ್ನುತ್ತಾರೆ, ಕಾರವಾರದ ಇಸ್ವಾಣ ದಕ್ಷಿಣಕ್ಕೆ ಬಂದರೆ ಅಂಜಲ್ ಆಗುತ್ತದೆ. ಹೋಟೆಲಿನಲ್ಲಿ ಗೊಂದಲವಾಗದಿರಲಿ.

ಮುರ್ಡೇಶ್ವರದ ಹತ್ತಿರದವನು (ನವೆಂಬರ್ 13)

ಇಷ್ಟು ಒಳ್ಳೆಯ ಚರ್ಚೆಯ ನಡುವೆ ನೋವಿನ ವಿಷಯ ತರಬೇಕಾಗಿದೆ, ತಂದೆತಾಯಿಗಳು ಓದಲೇಬೇಕೆಂದು ಬರೆಯುತ್ತಿದ್ದೇನೆ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆಂದು ಕೋಲಾರ ಜಿಲ್ಲೆಯಿಂದ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಅದು ಮಳೆಗಾಲವಲ್ಲ, ತಾವು ಬರಬೇಕೆಂದಿರುವ ತಿಂಗಳೇ. ಕೆರೆ ಬಾವಿಗಳಲ್ಲಿ ಈಜು ಕಲಿತವರು ಸಹ ಕಡಲಿನಲ್ಲಿ ಮೋಸ ಹೋಗುವುದು ಏಕೆಂದರೆ, ತೆರೆಗಳು ದಡಕ್ಕೆ ತಂದು ಸುರಿದ ನೀರು ಮರಳಿ ಹೋಗಲು ಒಂದು ಕಿರಿದಾದ ಜಾಡನ್ನು ಹುಡುಕಿಕೊಳ್ಳುತ್ತದೆ. ಆ ಜಾಡಿನಲ್ಲಿ ತೆರೆ ಒಡೆಯುವುದು ಕಡಿಮೆಯಾದ್ದರಿಂದ ನೋಡುವವರಿಗೆ ಅದೇ ಶಾಂತವಾದ ಜಾಗವೆಂದು ತೋರುತ್ತದೆ. ಮಕ್ಕಳನ್ನು ಅಲ್ಲಿಗೇ ಇಳಿಸುತ್ತಾರೆ. ಸೆಳೆತಕ್ಕೆ ಸಿಕ್ಕವರು ದಡದ ಕಡೆಗೆ ನೇರವಾಗಿ ಈಜಲು ಹೋಗಿ ಸುಸ್ತಾಗುತ್ತಾರೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಆ ಜಾಡಿನಿಂದ ಹೊರಬಂದರೆ ತೆರೆಯೇ ದಡಕ್ಕೆ ತರುತ್ತದೆ. ಬಂಡೆಗಳ ಮಗ್ಗುಲಲ್ಲಿ ಮತ್ತು ನದಿಯ ಅಳಿವೆಯಲ್ಲಿ ಸೆಳೆತ ಇನ್ನೂ ಬಲವಾಗಿರುತ್ತದೆ, ಅಲ್ಲಿ ಮೊಣಕಾಲು ನೀರಿಗೂ ಇಳಿಯಬಾರದು.

ಸ್ನಾನ ಮಾಡಲೇಬೇಕೆಂದಿದ್ದರೆ ಹೊನ್ನಾವರದ ಕಾಸರಕೋಡು ತೀರಕ್ಕೆ ಹೋಗಿ. ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ನೀಲಿ ಧ್ವಜದ ಮಾನ್ಯತೆಯನ್ನು 2020ರಲ್ಲಿ ಪಡೆದ ಆ ತೀರದಲ್ಲಿ ಸ್ನಾನಕ್ಕೆಂದೇ ಗುರುತು ಮಾಡಿದ ಜಾಗವಿದೆ. ಜೀವರಕ್ಷಕರು ಬೇಡವೆಂದರೆ ಬೇಡ, ವಾದ ಮಾಡಬಾರದು. ಸಮೀಪದ ಕಾಂಡ್ಲಾವನದ ನಡುವೆ ಮರದ ಹಲಗೆಯ ನಡೆದಾರಿಯೂ ಇದೆ, ತಾಯಿಯವರಿಗೆ ಅನುಕೂಲವಾಗುತ್ತದೆ. ಯಾವ ದೋಣಿ ಹತ್ತಿದರೂ ಜೀವರಕ್ಷಕ ಅಂಗಿ ಕೇಳಿ ತೊಡಿ, ಜನ ಹೆಚ್ಚಾಗಿದ್ದರೆ ಮುಂದಿನ ದೋಣಿಗೆ ಕಾಯಿರಿ. 2019ರ ಜನವರಿಯಲ್ಲಿ ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 15ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡದ್ದನ್ನು ಈ ಕಡೆಯವರು ಮರೆತಿಲ್ಲ. ಇದನ್ನು ಓದುವ ಬೇರೆಯವರಿಗೂ ಒಂದು ಮಾತು: ಜೂನ್, ಜುಲೈಗಳಲ್ಲಿ ಯಾಂತ್ರಿಕ ಬೋಟುಗಳಿಗೆ ನಿಷೇಧವಿರುತ್ತದೆ, ಆಗ ಬಂದರುಗಳಲ್ಲಿ ಬೋಟುಗಳು ಕಟ್ಟಿಹಾಕಿದಂತೆ ನಿಂತಿರುತ್ತವೆ. ಕಡಲೂ ರಸ್ತೆಯೂ ಎರಡೂ ಕಠಿಣ. ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದದ್ದು 2024ರ ಜುಲೈ 16ರಂದು.

ಹಾಸನದ ಮೇಷ್ಟ್ರು (ನವೆಂಬರ್ 14)

ಎಲ್ಲರಿಗೂ ಕೃತಜ್ಞತೆಗಳು. ಕುಮಟೆಯಲ್ಲಿ ಮೂರು ರಾತ್ರಿ, ಕಾರವಾರದಲ್ಲಿ ಒಂದು ರಾತ್ರಿ ಎಂದು ತೀರ್ಮಾನಿಸಿದೆವು. ಸಾಣಿಕಟ್ಟೆಯ ಉಪ್ಪಿನಾಗರವನ್ನು ಆ ದಿನಗಳಲ್ಲಿ ನೋಡಬಹುದೇ?

ಅಘನಾಶಿನಿ ದಂಡೆ (ನವೆಂಬರ್ 14)

ಗೋಕರ್ಣದಿಂದ ತದಡಿಗೆ ಬರುವ ಕಡೆಯಲ್ಲಿಯೇ ಇದೆ, ನೋಡಿ. ಆದರೆ ಉಪ್ಪು ತೆಗೆಯುವುದು ಬೇಸಿಗೆಯಲ್ಲಿ. ಡಿಸೆಂಬರಿನಲ್ಲಿ ಪಾತಿಗಳನ್ನು ಹಸನು ಮಾಡುವ ಕೆಲಸವಷ್ಟೇ ಕಾಣಬಹುದು. ಊಟಕ್ಕೆ ಜುಮ್ಮನಕಾಯಿ ಎಂಬ ಮಸಾಲೆ ಹಾಕಿದ ಬಂಗಡೆ ಸಾರು ಮತ್ತು ಕುಚಲಕ್ಕಿ ಅನ್ನವನ್ನು ಕೇಳಿ, ಕೊನೆಗೆ ಕುಡಿಯಲು ಮುರುಗಲಿನ ಕಡಿಯಿರಲಿ.

ಹಾಸನದ ಮೇಷ್ಟ್ರು (ಜನವರಿ 6)

ಹೋಗಿ ಬಂದೆವು. ವರದಿ ಬರೆಯುವುದು ನನ್ನ ಕರ್ತವ್ಯವೆಂದು ತಿಳಿದು ಬರೆಯುತ್ತಿದ್ದೇನೆ.

ಶರಾವತಿಯನ್ನು ದಾಟುವಾಗ ತಾಯಿಯವರು ಇದೇ ಸಮುದ್ರವೋ ಎಂದು ಕೇಳಿದರು. ಹೊಳೆ ಎಂದಾಗ ನಂಬಲಿಲ್ಲ. ಅದೇ ಸಂಜೆ ಕುಮಟೆಯ ಬೇಲೆಯಲ್ಲಿ ನಿಜವಾದ ಕಡಲು ಕಂಡಾಗ ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, ಇಷ್ಟು ನೀರಿದ್ದೂ ಒಂದು ಎಕರೆಗೂ ಹಾಯಿಸುವಂತಿಲ್ಲವಲ್ಲ ಎಂದರು. ಮರುದಿನ ಮಾಣಿಕಟ್ಟೆಯ ಗಜನಿಯಲ್ಲಿ ಆ ಮಾತಿಗೆ ಉತ್ತರ ಸಿಕ್ಕಿತು. ಉಪ್ಪುನೀರಿನಲ್ಲಿ ಭತ್ತ ಬೆಳೆಯುತ್ತಾರೆಂಬುದನ್ನು ಅವರು ಒಪ್ಪಿದ್ದು, ಒಡ್ಡಿನ ಬಳಿ ಸಿಕ್ಕ ವೃದ್ಧರೊಬ್ಬರು ಮನೆಯಿಂದ ಒಂದು ಹಿಡಿ ಬತ್ತವನ್ನು ತಂದು ಅಂಗೈಗೆ ಹಾಕಿದ ಮೇಲೆಯೇ. ಇಬ್ಬರೂ ಬಿತ್ತನೆ, ಮೊಳಕೆ, ನೀರು ನಿಲ್ಲುವ ಎತ್ತರ, ಹುಲ್ಲಿನ ಬಳಕೆ ಎಂದು ಒಂದು ಗಂಟೆಗೂ ಮಿಕ್ಕಿ ಮಾತನಾಡಿದರು. ನಾನೂ ಮಕ್ಕಳೂ ಪಕ್ಕದಲ್ಲಿ ಕುಳಿತು ಕೇಳಿದೆವು. ಪ್ರವಾಸದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಹೊತ್ತು ಅದು.

ತದಡಿಯಲ್ಲಿ ಬೆಳಗ್ಗೆ ಆರೂವರೆಗೆ ಇದ್ದೆವು, ಹತ್ತು ಹೆಜ್ಜೆ ದೂರದಲ್ಲಿಯೇ ನಿಂತೆವು. ಮಗಳು ಮೀನು ವಿಂಗಡಿಸುತ್ತಿದ್ದ ಮಹಿಳೆಯೊಬ್ಬರಿಂದ ಹನ್ನೆರಡು ಬಗೆಯ ಮೀನಿನ ಹೆಸರುಗಳನ್ನು ಬರೆದುಕೊಂಡಳು. ಕೆಲವನ್ನು ಅವರು ಕೊಂಕಣಿಯಲ್ಲಿ, ಕೆಲವನ್ನು ಕನ್ನಡದಲ್ಲಿ ಹೇಳಿದರು. ಈ ವರ್ಷ ತಾರ್ಲೆ ಹೇಗಿದೆಯೆಂದು ಕೇಳಿದಾಗ, ಹಿಂದಿನಂತಿಲ್ಲ ಎಂದಷ್ಟೇ ಹೇಳಿ ಕೆಲಸ ಮುಂದುವರಿಸಿದರು. ಹೊಳೆ ದಾಟುವಾಗ ನೀರು ಇಳಿಯುತ್ತಿತ್ತು. ದೋಣಿ ನಡೆಸುವವರು ಮರಳು ದಿಬ್ಬವನ್ನು ಬಳಸಿ ಸುತ್ತಿ ಹೋಗಬೇಕಾಯಿತು, ದಿಬ್ಬದ ಮೇಲೆ ಬಳಚು ಆರಿಸುವವರು ನಮ್ಮತ್ತ ಕೈಬೀಸಿದರು.

ಓಂ ಬೀಚಿನ ಗುಡ್ಡದ ದಾರಿ ಚಾರಣಿಗರು ಹೇಳಿದಂತೆಯೇ ಇತ್ತು. ಕೆಳಗಿನ ತೀರದಲ್ಲಿ ಮಾತ್ರ ನನ್ನ ಹಳೆಯ ನೆನಪಿನ ಜಾಗವನ್ನು ಗುರುತಿಸಲು ಆಗಲಿಲ್ಲ, ಅಷ್ಟು ಜನ, ಅಷ್ಟು ಅಂಗಡಿ. ಅರ್ಧ ಗಂಟೆಯಲ್ಲಿ ಹೊರಟೆವು. ಕಾಸರಕೋಡಿನಲ್ಲಿ ಮಕ್ಕಳು ಗುರುತಿನೊಳಗೆ ನೀರಿಗಿಳಿದರು. ಕಾರವಾರದಲ್ಲಿ ಉಪನ್ಯಾಸಕರ ಮಾತನ್ನು ನೆನೆದು, ಹೆದ್ದಾರಿಯ ಗೋಡೆಯ ಪಕ್ಕದಲ್ಲಿ ಬಸ್ಸು ಸಾಗುವಾಗ ಮಕ್ಕಳಿಗೆ ಒಳಗಿದ್ದ ಊರುಗಳ ಬಗ್ಗೆ ಹೇಳಿದೆ. ಮುಂದಿನ ಸೀಟಿನಲ್ಲಿದ್ದ ಹಿರಿಯರೊಬ್ಬರು ತಿರುಗಿ ನೋಡಿ, ನಮ್ಮ ಮನೆ ಅಲ್ಲಿತ್ತು ಎಂದು ಮರಗಳ ಸಾಲಿನ ಕಡೆ ಬೆರಳು ತೋರಿಸಿದರು.

ನನ್ನಿಂದಾದ ಒಂದು ತಪ್ಪನ್ನೂ ಹೇಳಬೇಕು. ತಾಯಿಯವರ ಮಂಡಿ ನೋವನ್ನು ಲೆಕ್ಕಿಸದೆ ಸದಾಶಿವಗಡ ಹತ್ತಿಸಲು ಹೋಗಿ ಅರ್ಧದಲ್ಲಿ ಇಳಿಸಬೇಕಾಯಿತು. ವಯಸ್ಸಾದವರೊಡನೆ ಬರುವವರು ಆ ಹೊತ್ತನ್ನು ಕಾಳಿಯ ದಡದಲ್ಲಿಯೇ ಕಳೆಯುವುದು ಒಳ್ಳೆಯದು.

ತಾಯಿಯವರು ಉಪ್ಪು ತೆಗೆಯುವುದನ್ನು ನೋಡಲು ಬೇಸಿಗೆಯಲ್ಲಿ ಮತ್ತೆ ಹೋಗೋಣ ಎನ್ನುತ್ತಿದ್ದಾರೆ. ಏಪ್ರಿಲಿನಲ್ಲಿ ಪರೀಕ್ಷೆ ಮುಗಿದ ಮೇಲೆ ಬರಬಹುದೇ?

ಅಘನಾಶಿನಿ ದಂಡೆ (ಜನವರಿ 7)

ಖಂಡಿತ ಬನ್ನಿ ಮೇಷ್ಟ್ರೇ. ಏಪ್ರಿಲಿನಲ್ಲಿ ಆಗರದ ಪಕ್ಕದಲ್ಲಿ ಬಿಳಿಯ ರಾಶಿಗಳು ಎದ್ದಿರುತ್ತವೆ, ಬಿಸಿಲು ಮಾತ್ರ ಜೋರು, ಬೆಳಗ್ಗೆ ಏಳಕ್ಕೆ ಮುಂಚೆ ಅಲ್ಲಿರಬೇಕು. ಈ ಸಲ ಹೋಟೆಲು ಬೇಡ, ನಮ್ಮ ಮನೆಯಲ್ಲಿಯೇ ಉಳಿಯಿರಿ. ಅಮ್ಮನವರಿಗೆಂದು ಎರಡು ಸೇರು ಕಗ್ಗದ ಅಕ್ಕಿ ತೆಗೆದಿಡಲು ನನ್ನ ತಾಯಿಗೆ ಈಗಲೇ ಹೇಳಿದ್ದೇನೆ.